ಸರ್ವರ್‌ನಲ್ಲಿ ಬಳಕೆದಾರರ ಶೆಲ್ ಪ್ರವೇಶವನ್ನು ಮಿತಿಗೊಳಿಸುವ ಕ್ರಮ: ಒಂದು ಅಧ್ಯಯನ ಪಾಠ

1. ಪೀಠಿಕೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕೆರೆಗಳ ಸೀಮೆ. ಕುಮುದ್ವತಿ ನದಿಗೆ ಅಂಜನಾಪುರದಲ್ಲಿ ಕಟ್ಟಿರುವ ಜಲಾಶಯವಿರಲಿ, ಊರ ಹಿಂದಿನ ಚಿಕ್ಕ ಕೆರೆಯಿರಲಿ, ನೀರು ಬಿಡುವ ಕೆಲಸಕ್ಕೆ ಗೊತ್ತುಪಡಿಸಿದ ವ್ಯಕ್ತಿಯೊಬ್ಬನಿರುತ್ತಾನೆ. ಊರ ಕೆರೆಯ ನೀರಗಂಟಿಗೆ ತೂಬನ್ನು ತೆರೆಯುವ ಹಾಗೂ ಮುಚ್ಚುವ ಅಧಿಕಾರವಿದೆ. ಏರಿಯನ್ನು ಅಗೆಯುವ, ಕೋಡಿಯ ಎತ್ತರವನ್ನು ಬದಲಿಸುವ ಅಧಿಕಾರ ಆತನಿಗಿಲ್ಲ. ಇದರಿಂದ ಊರವರು ಆತನನ್ನು ಸಂಶಯಿಸುತ್ತಾರೆಂದು ಯಾರೂ ಭಾವಿಸುವುದಿಲ್ಲ. ಆತನ ಕೆಲಸಕ್ಕೆ ತೂಬು ಸಾಕು, ಅಷ್ಟೆ. ನಾಳೆ ಏರಿ ಬಿರಿದರೆ ಆ ತಪ್ಪನ್ನು ಆತನ ತಲೆಗೆ ಕಟ್ಟಲಾಗದಂತೆ ಇದೇ ಮಿತಿಯು ಆತನನ್ನು ಕಾಪಾಡುತ್ತದೆ.

ಗಣಕದ ಸರ್ವರ್‌ನಲ್ಲಿ ಬಳಕೆದಾರರಿಗೆ ಪ್ರವೇಶ ನೀಡುವಾಗಲೂ ಈ ನಿಯಮವೇ ಅನ್ವಯಿಸುತ್ತದೆ. ಯಾರಿಗೆ ಯಾವ ಕೆಲಸವೋ ಆ ಕೆಲಸಕ್ಕೆ ಬೇಕಾದಷ್ಟು ಅಧಿಕಾರವನ್ನು ಕೊರತೆಯಿಲ್ಲದೆ ಕೊಡತಕ್ಕದ್ದು, ಬೇಡವಾದುದನ್ನು ಕೊಡಬಾರದು. ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ಗಣಕ ವಿಜ್ಞಾನಿಗಳು 1975ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಕನಿಷ್ಠ ಅಧಿಕಾರದ ತತ್ತ್ವವೆಂದು ನಿರೂಪಿಸಿದರು. ಯುನಿಕ್ಸ್ ಮಾದರಿಯ ಸರ್ವರ್‌ನಲ್ಲಿ ಈ ತತ್ತ್ವವನ್ನು ಆಚರಣೆಗೆ ತರುವ ಬಗೆಯನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

2. ಪಾಠದ ವ್ಯಾಪ್ತಿ

ಪಂಚತಂತ್ರ, ಇ-ಸ್ವತ್ತು ಮುಂತಾದ ತಂತ್ರಾಂಶಗಳಿಗೆ ಗ್ರಾಮ ಪಂಚಾಯಿತಿ ಸಿಬ್ಬಂದಿಯು ಜಾಲತಾಣದ ಮೂಲಕ ಪ್ರವೇಶಿಸುತ್ತಾರೆ. ಅವುಗಳ ಸರ್ವರ್‌ಗಳ ನಿರ್ವಹಣೆ ರಾಜ್ಯ ಮಟ್ಟದಲ್ಲಿದ್ದು, ಈ ಪಾಠವು ಅವುಗಳಿಗೆ ಸಂಬಂಧಿಸಿದ್ದಲ್ಲ. ಹಳೆಯ ವಹಿಗಳ ಸ್ಕ್ಯಾನ್ ಪ್ರತಿ, ಸಭಾ ನಡವಳಿ, ಕಾಮಗಾರಿಗಳ ಛಾಯಾಚಿತ್ರ ಇತ್ಯಾದಿಗಳನ್ನು ಸ್ಥಳೀಯವಾಗಿ ಸಂಗ್ರಹಿಸಲು ಲಿನಕ್ಸ್ ಆಧಾರಿತ ಸಣ್ಣ ಸರ್ವರ್ ಒಂದನ್ನು ಕಚೇರಿಯಲ್ಲಿ ಇಟ್ಟುಕೊಂಡಾಗ ಅದರ ಬೀಗದ ಕೈ ಕಚೇರಿಯ ಹೊಣೆಯಾಗುತ್ತದೆ. ಪಾಠವು ಅಂತಹ ಸರ್ವರ್‌ಗೆ ಸಂಬಂಧಿಸಿದೆ.

ಆಜ್ಞೆಗಳ ಹಾಗೂ ಕಡತಗಳ ಹೆಸರುಗಳನ್ನು ಇಲ್ಲಿ ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ. ಗಣಕದಲ್ಲಿ ಅವುಗಳನ್ನು ರೋಮನ್ ಅಕ್ಷರಗಳಲ್ಲಿ, ಕೈಪಿಡಿಯಲ್ಲಿರುವ ರೂಪದಲ್ಲಿಯೇ ಟೈಪಿಸತಕ್ಕದ್ದು.

3. ಶೆಲ್ ಎಂದರೇನು?

ಬಳಕೆದಾರನು ಟೈಪಿಸಿದ ಆಜ್ಞೆಯನ್ನು ಓದಿ, ಅದನ್ನು ಕಾರ್ಯಗತಗೊಳಿಸುವಂತೆ ಕಾರ್ಯಾಚರಣ ವ್ಯವಸ್ಥೆಗೆ ತಲುಪಿಸುವ ತಂತ್ರಾಂಶವೇ ಶೆಲ್. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಶೆಲ್‌ನ ಹೆಸರು ಬ್ಯಾಶ್. ದೂರದಿಂದ ಸರ್ವರ್‌ಗೆ ಸಂಪರ್ಕಿಸಲು ಎಸ್‌ಎಸ್‌ಎಚ್ ಎಂಬ ಗೂಢಲಿಪೀಕೃತ ಮಾರ್ಗವನ್ನು ಬಳಸಲಾಗುತ್ತದೆ. ಈ ಮಾರ್ಗವನ್ನು ಒದಗಿಸುವ ಓಪನ್‌ಎಸ್‌ಎಸ್‌ಎಚ್ ಎಂಬ ಮುಕ್ತ ತಂತ್ರಾಂಶವು 1999ರಲ್ಲಿ ಮೊದಲು ಬಿಡುಗಡೆಯಾಯಿತು.

ಪ್ರತಿಯೊಬ್ಬ ಬಳಕೆದಾರನ ವಿವರವು ಈಟಿಸಿ ಫೋಲ್ಡರಿನ ಪಾಸ್‌ಡಬ್ಲ್ಯುಡಿ ಕಡತದಲ್ಲಿ ಒಂದು ಸಾಲಾಗಿ ಇರುತ್ತದೆ. ಆ ಸಾಲಿನಲ್ಲಿ ವಿಸರ್ಗದಂತಹ ಚಿಹ್ನೆಯಿಂದ ಬೇರ್ಪಡಿಸಿದ 7 ಅಂಕಣಗಳಿವೆ: ಬಳಕೆದಾರನ ಹೆಸರು, ಗುಪ್ತಪದದ ಸ್ಥಾನ, ಬಳಕೆದಾರ ಸಂಖ್ಯೆ, ಗುಂಪಿನ ಸಂಖ್ಯೆ, ವಿವರಣೆ, ಸ್ವಂತ ಫೋಲ್ಡರ್ ಮತ್ತು ಶೆಲ್. ಕೊನೆಯ ಅಂಕಣದಲ್ಲಿ ಬ್ಯಾಶ್ ಎಂದಿದ್ದರೆ ಆ ಬಳಕೆದಾರನು ಪ್ರವೇಶಿಸಿದೊಡನೆ ಪೂರ್ಣ ಶೆಲ್ ದೊರೆಯುತ್ತದೆ. ಆತನು ಸರ್ವರ್‌ನ ಬಹುಭಾಗವನ್ನು ನೋಡಬಲ್ಲನು, ಅನುಮತಿಯಿರುವ ಕಡತಗಳನ್ನು ಅಳಿಸಬಲ್ಲನು, ಸರ್ವರ್ ಮೂಲಕ ಕಚೇರಿಯ ಇತರ ಗಣಕಗಳತ್ತ ಸಂಪರ್ಕ ಬೆಳೆಸಬಲ್ಲನು.

ಸರ್ವರ್‌ನ ಹೊಣೆ ಹೊತ್ತವರು ಮೊದಲು ಮಾಡಬೇಕಾದ ಕೆಲಸವೆಂದರೆ ಈ ಕಡತವನ್ನು ತೆರೆದು ಕೊನೆಯ ಅಂಕಣವನ್ನು ಸಾಲು ಸಾಲಾಗಿ ಓದುವುದು. ಯಾರ ಹೆಸರಿನ ಮುಂದೆ ಪೂರ್ಣ ಶೆಲ್ ಇದೆಯೋ ಅವರಿಗೆ ಅದು ಯಾವ ಕೆಲಸಕ್ಕೆ ಬೇಕೆಂಬ ಪ್ರಶ್ನೆಗೆ ಉತ್ತರ ದೊರೆಯಬೇಕು. ಉತ್ತರ ದೊರೆಯದ ಹೆಸರುಗಳಿಂದ ಕೆಲಸ ಆರಂಭವಾಗುತ್ತದೆ.

4. ಒಂದು ಉದಾಹರಣೆ

ಪಾಠದ ಅನುಕೂಲಕ್ಕಾಗಿ ಅಂಜನಾಪುರ ಹೋಬಳಿಯ ಒಂದು ಗ್ರಾಮ ಪಂಚಾಯಿತಿಯನ್ನು ಕಲ್ಪಿಸಿಕೊಳ್ಳಬಹುದು. ಆ ಕಚೇರಿಯಲ್ಲಿ ಹಲವು ದಶಕಗಳ ಮನೆ ಕಂದಾಯದ ಬೇಡಿಕೆ ವಹಿಗಳಿವೆ. ಮಳೆಗಾಲದ ತೇವ ಮತ್ತು ಗೆದ್ದಲಿನಿಂದ ಅವು ಜೀರ್ಣವಾಗುತ್ತಿವೆ. ಅವುಗಳನ್ನು ಸ್ಕ್ಯಾನ್ ಮಾಡಿ ಸರ್ವರ್‌ನಲ್ಲಿ ಇರಿಸಲು ತೀರ್ಮಾನಿಸಲಾಗಿದೆ. ಸರ್ವರ್‌ಗೆ ಮೂವರ ಸಂಪರ್ಕ ಬೇಕು.

ಅ) ಸ್ಕ್ಯಾನ್ ಮಾಡಿದ ಕಡತಗಳನ್ನು ಸೇರಿಸುವ ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರ್.
ಆ) ಪ್ರತಿ ರಾತ್ರಿ ಕಡತಗಳ ನಕಲನ್ನು ಪಡೆಯುವ, ತಾಲ್ಲೂಕು ಕೇಂದ್ರದಲ್ಲಿರುವ ಗಣಕ.
ಇ) ಸೇವೆ ನಿಂತಾಗ ಅದನ್ನು ಮರಳಿ ಚಾಲನೆಗೊಳಿಸುವ ತಾಂತ್ರಿಕ ಸಹಾಯಕ.

ಅವಸರದಲ್ಲಿ ಮೂವರಿಗೂ ಒಂದೇ ಹೆಸರು, ಒಂದೇ ಗುಪ್ತಪದ ಮತ್ತು ಪೂರ್ಣ ಶೆಲ್ ನೀಡಿಬಿಡುವುದು ಸುಲಭ. ಕೆಲಸ ನಡೆಯುತ್ತದೆ, ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಒಂದು ದಿನ ಒಂದು ವರ್ಷದ ವಹಿಯ ಫೋಲ್ಡರ್ ಬರಿದಾಗಿರುವುದು ಕಂಡುಬರುತ್ತದೆ. ಒಂದು ತಪ್ಪು ಆಜ್ಞೆಗೆ ಅಷ್ಟು ಮಾಡಲು ಒಂದು ಕ್ಷಣ ಸಾಕು. ಮೂಲ ವಹಿಯ ಆ ಹಾಳೆಗಳು ಅಷ್ಟರಲ್ಲಿ ಪುಡಿಯಾಗಿದ್ದರೆ, ತನ್ನ ತಂದೆಯ ಹೆಸರಿನಲ್ಲಿ ಮನೆ ಇತ್ತೆಂದು ತೋರಿಸಲು ಬಂದ ಕುಟುಂಬದ ಮುಂದೆ ಇಡಲು ಕಚೇರಿಯಲ್ಲಿ ಏನೂ ಇರುವುದಿಲ್ಲ.

ಎರಡನೆಯ ಹಾನಿಯೂ ಇದೆ. ಮೂವರೂ ಒಂದೇ ಹೆಸರಿನಿಂದ ಪ್ರವೇಶಿಸಿದ್ದರಿಂದ ಅಳಿಸಿದವರು ಯಾರೆಂದು ದಾಖಲೆ ಹೇಳುವುದಿಲ್ಲ. ಬೆರಳು ಸಹಜವಾಗಿ ಆ ಮೂವರಲ್ಲಿ ಅತ್ಯಂತ ದುರ್ಬಲರತ್ತ, ಅಂದರೆ ಹೊರಗುತ್ತಿಗೆಯ ಆಪರೇಟರ್‌ರತ್ತ ತಿರುಗುತ್ತದೆ. ತಾನು ಅಳಿಸಿಲ್ಲವೆಂದು ಸಾಬೀತುಪಡಿಸಲು ಅವರ ಬಳಿ ದಾರಿಯಿರುವುದಿಲ್ಲ. ಅಳಿಸುವ ಅಧಿಕಾರವೇ ಅವರಿಗೆ ಇರಲಿಲ್ಲವೆಂದು ವ್ಯವಸ್ಥೆಯು ತೋರಿಸುವಂತಿದ್ದರೆ ಆ ಪ್ರಶ್ನೆ ಉದ್ಭವಿಸುತ್ತಲೇ ಇರಲಿಲ್ಲ.

5. ಬಳಕೆಯಲ್ಲಿದ್ದರೂ ಸಾಲದಿರುವ ಮೂರು ಉಪಾಯಗಳು

ಸರಿಯಾದ ಕ್ರಮಕ್ಕೆ ಮುನ್ನ, ಸಾಮಾನ್ಯವಾಗಿ ಅನುಸರಿಸುವ ಮೂರು ಉಪಾಯಗಳ ಮಿತಿಯನ್ನು ತಿಳಿಯುವುದು ಅವಶ್ಯ.

ಮೊದಲನೆಯದು: ಗುಪ್ತಪದವನ್ನು ತಡೆಹಿಡಿಯುವುದು. ಯೂಸರ್‌ಮಾಡ್ ಆಜ್ಞೆಯ ದೊಡ್ಡ ಎಲ್ ಆಯ್ಕೆಯಿಂದ ಬಳಕೆದಾರನ ಗುಪ್ತಪದವನ್ನು ನಿಷ್ಕ್ರಿಯಗೊಳಿಸಬಹುದು. ಆದರೆ ಆ ಬಳಕೆದಾರನು ಎಸ್‌ಎಸ್‌ಎಚ್ ಕೀಲಿಯನ್ನು ಮೊದಲೇ ಸ್ಥಾಪಿಸಿಕೊಂಡಿದ್ದರೆ ಗುಪ್ತಪದವಿಲ್ಲದೆಯೂ ಒಳಬರಲು ಸಾಧ್ಯ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ಮರೆತಂತೆ ಇದು. ಖಾತೆಯ ಅವಧಿಯನ್ನೇ ಮುಗಿದಿದೆಯೆಂದು ಗುರುತಿಸಿ, ಕೀಲಿಯನ್ನೂ ತೆಗೆದುಹಾಕಿದಾಗ ಮಾತ್ರ ಎರಡೂ ದಾರಿಗಳು ಮುಚ್ಚುತ್ತವೆ.

ಎರಡನೆಯದು: ಶೆಲ್ ಅಂಕಣದಲ್ಲಿ ನೋಲಾಗಿನ್ ಎಂದು ನಮೂದಿಸುವುದು. ಹೀಗೆ ಮಾಡಿದಾಗ ಪ್ರವೇಶಿಸಿದವರಿಗೆ ಖಾತೆ ಲಭ್ಯವಿಲ್ಲವೆಂಬ ಸಂದೇಶ ಬಂದು ಸಂಪರ್ಕ ಕಡಿಯುತ್ತದೆ. ಇದು ಉತ್ತಮ ಹೆಜ್ಜೆ, ಆದರೆ ಪೂರ್ಣವಲ್ಲ. ಎಸ್‌ಎಸ್‌ಎಚ್‌ನಲ್ಲಿ ಶೆಲ್ ಕೇಳದೆಯೇ ಸಂಪರ್ಕವನ್ನಷ್ಟೇ ಸ್ಥಾಪಿಸಿ, ಅದರೊಳಗಿನಿಂದ ಕಚೇರಿಯ ಇತರ ಗಣಕಗಳತ್ತ ಸುರಂಗ ತೋಡುವ ಸೌಲಭ್ಯವಿದೆ. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎಂದು ಹೆಸರು. ಅದನ್ನು ಪ್ರತ್ಯೇಕವಾಗಿ ನಿಷೇಧಿಸದಿದ್ದರೆ ನೋಲಾಗಿನ್ ಇದ್ದರೂ ಸುರಂಗ ತೆರೆದೇ ಇರುತ್ತದೆ.

ಮೂರನೆಯದು: ನಿರ್ಬಂಧಿತ ಶೆಲ್. ಆರ್‌ಬ್ಯಾಶ್ ಎಂಬ ಹೆಸರಿನಿಂದ ಚಾಲನೆಗೊಂಡ ಬ್ಯಾಶ್ ಕೆಲವು ಕಾರ್ಯಗಳನ್ನು ನಿರಾಕರಿಸುತ್ತದೆ. ಫೋಲ್ಡರ್ ಬದಲಿಸುವುದು, ಆಜ್ಞೆಗಳನ್ನು ಹುಡುಕುವ ಪಥವನ್ನು ಬದಲಿಸುವುದು, ಓರೆಗೆರೆಯುಳ್ಳ ಹೆಸರಿನಿಂದ ಆಜ್ಞೆ ನೀಡುವುದು, ಫಲಿತಾಂಶವನ್ನು ಕಡತಕ್ಕೆ ತಿರುಗಿಸುವುದು ಇವುಗಳಲ್ಲಿ ಮುಖ್ಯವಾದವು. ಕಾಗದದ ಮೇಲೆ ಇದು ಬಿಗಿಯಾಗಿ ಕಾಣುತ್ತದೆ. ಆದರೆ ವಿಐ ಸಂಪಾದಕದ ಒಳಗಿನಿಂದ, ಲೆಸ್ ಎಂಬ ಪುಟ ತೋರಿಸುವ ತಂತ್ರಾಂಶದ ಒಳಗಿನಿಂದ, ಪೈಥಾನ್‌ನಂತಹ ಭಾಷೆಯ ಒಳಗಿನಿಂದ ಹೊಸ ಶೆಲ್ ಒಂದನ್ನು ತೆರೆಯಬಹುದು. ಆ ಹೊಸ ಶೆಲ್‌ಗೆ ಯಾವ ನಿರ್ಬಂಧವೂ ಇರುವುದಿಲ್ಲ. ಬಳಕೆದಾರನು ತನ್ನ ಆರಂಭಿಕ ಕಡತವನ್ನು ತಾನೇ ತಿದ್ದಬಲ್ಲವನಾದರೆ ನಿರ್ಬಂಧವು ಜಾರಿಯಾಗುವ ಮೊದಲೇ ಪಥವನ್ನು ಬದಲಿಸಿಕೊಳ್ಳಬಲ್ಲನು. ಆದುದರಿಂದ ನಿರ್ಬಂಧಿತ ಶೆಲ್ಲನ್ನು ಕೈತಪ್ಪಿನಿಂದಾಗುವ ಹಾನಿಯನ್ನು ತಗ್ಗಿಸುವ ಬೇಲಿಯೆಂದು ಪರಿಗಣಿಸಬಹುದೇ ಹೊರತು ಕೋಟೆಯೆಂದು ನಂಬಬಾರದು.

6. ಕೆಲಸಕ್ಕೆ ತಕ್ಕ ಪ್ರವೇಶ

ಉದಾಹರಣೆಯ ಮೂವರಿಗೆ ಮೂರು ಪ್ರತ್ಯೇಕ ಖಾತೆಗಳು ಬೇಕು. ಮಿತಿಯ ಬಗೆಯೂ ಬೇರೆ ಬೇರೆ.

ಅ) ಕಡತ ಸೇರಿಸುವ ಆಪರೇಟರ್

ಇವರಿಗೆ ಶೆಲ್‌ನ ಅಗತ್ಯವೇ ಇಲ್ಲ; ಕಡತ ರವಾನೆಯ ಎಸ್‌ಎಫ್‌ಟಿಪಿ ಸೌಲಭ್ಯ ಸಾಕು. ಇದಕ್ಕಾಗಿ ಒಂದು ಗುಂಪನ್ನು ರಚಿಸಿ, ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಕಡತದ ಕೊನೆಯಲ್ಲಿ ಮ್ಯಾಚ್ ಗ್ರೂಪ್ ಎಂಬ ಭಾಗವನ್ನು ಸೇರಿಸಿ, ಅದರಲ್ಲಿ ಈ ಮೂರು ಸೂಚನೆಗಳನ್ನು ನಮೂದಿಸತಕ್ಕದ್ದು.

1) ಸಿಎಚ್‌ರೂಟ್‌ಡೈರೆಕ್ಟರಿ: ಬಳಕೆದಾರನಿಗೆ ನಿರ್ದಿಷ್ಟ ಫೋಲ್ಡರೊಂದೇ ಇಡೀ ಸರ್ವರ್‌ನಂತೆ ಕಾಣುತ್ತದೆ, ಅದರ ಹೊರಗಿನದು ಕಾಣುವುದಿಲ್ಲ. ಇದರ ಮೂಲವಾದ ಸಿಎಚ್‌ರೂಟ್ ಸೌಲಭ್ಯವು 1979ರ ಯುನಿಕ್ಸ್ 7ನೇ ಆವೃತ್ತಿಯಷ್ಟು ಹಳೆಯದು.
2) ಫೋರ್ಸ್‌ಕಮಾಂಡ್ ಇಂಟರ್ನಲ್-ಎಸ್‌ಎಫ್‌ಟಿಪಿ: ಬಳಕೆದಾರನು ಏನನ್ನೇ ಕೇಳಿದರೂ ಕಡತ ರವಾನೆಯೊಂದೇ ನಡೆಯುತ್ತದೆ.
3) ಡಿಸೇಬಲ್‌ಫಾರ್ವರ್ಡಿಂಗ್ ಯೆಸ್: ಮೇಲೆ ಹೇಳಿದ ಸುರಂಗಗಳು ಮುಚ್ಚುತ್ತವೆ.

ಈ ಹಂತದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಸಿಎಚ್‌ರೂಟ್‌ಗೆ ಗೊತ್ತುಪಡಿಸಿದ ಫೋಲ್ಡರ್ ಹಾಗೂ ಅದಕ್ಕೆ ಹೋಗುವ ದಾರಿಯ ಎಲ್ಲ ಫೋಲ್ಡರ್‌ಗಳು ರೂಟ್ ಒಡೆತನದಲ್ಲಿರಬೇಕು. ಬೇರೆ ಯಾರಿಗೂ ಅವುಗಳಲ್ಲಿ ಬರೆಯುವ ಅನುಮತಿ ಇರಬಾರದು. ಹೀಗಿಲ್ಲದಿದ್ದರೆ ಓಪನ್‌ಎಸ್‌ಎಸ್‌ಎಚ್ ಸಂಪರ್ಕವನ್ನೇ ನಿರಾಕರಿಸುತ್ತದೆ. ಆಪರೇಟರ್ ಕಡತ ಸೇರಿಸಲು ಆ ಫೋಲ್ಡರಿನ ಒಳಗೆ ಆವಕ ಎಂಬಂತಹ ಒಳಫೋಲ್ಡರೊಂದನ್ನು ಅವರ ಒಡೆತನದಲ್ಲಿ ರಚಿಸಬೇಕು. ಖಾತೆಯ ಶೆಲ್ ಅಂಕಣದಲ್ಲಿ ನೋಲಾಗಿನ್ ಎಂದೇ ಇರಲಿ. ಇಂಟರ್ನಲ್-ಎಸ್‌ಎಫ್‌ಟಿಪಿಗೆ ಶೆಲ್ ಬೇಕಿಲ್ಲ.

ಶೆಲ್ ಇಲ್ಲದಿದ್ದರೂ ಆವಕ ಫೋಲ್ಡರಿನಲ್ಲಿರುವ ಕಡತಗಳನ್ನು ಎಸ್‌ಎಫ್‌ಟಿಪಿ ಮೂಲಕ ಅಳಿಸಬಹುದೆಂಬುದನ್ನು ಮರೆಯಬಾರದು. ಪರಿಶೀಲನೆ ಮುಗಿದ ಕಡತಗಳನ್ನು ಪ್ರತಿದಿನ ಸಂಜೆ ಆಪರೇಟರ್‌ನ ವ್ಯಾಪ್ತಿಯ ಹೊರಗಿರುವ ಸಂಗ್ರಹ ಫೋಲ್ಡರಿಗೆ ಸ್ಥಳಾಂತರಿಸುವ ವ್ಯವಸ್ಥೆ ಇರಬೇಕು. ಆವಕ ವಹಿಯಲ್ಲಿ ನಮೂದಾದ ಪತ್ರವು ಸಂಬಂಧಪಟ್ಟ ಕಡತಕ್ಕೆ ಸೇರುವ ಕಚೇರಿಯ ಪದ್ಧತಿಯೇ ಇಲ್ಲಿಯೂ.

ಆ) ನಕಲು ಪಡೆಯುವ ಗಣಕ

ಇಲ್ಲಿ ಬಳಕೆದಾರ ಮನುಷ್ಯನಲ್ಲ, ಯಂತ್ರ. ಅದಕ್ಕೆ ಗುಪ್ತಪದ ಬೇಡ, ಕೀಲಿ ಮಾತ್ರ ಸಾಕು. ಆಥರೈಸ್ಡ್ ಕೀಸ್ ಕಡತದಲ್ಲಿ ಆ ಕೀಲಿಯ ಸಾಲಿನ ಆರಂಭದಲ್ಲಿಯೇ ಮಿತಿಗಳನ್ನು ಬರೆಯಬಹುದು. ರಿಸ್ಟ್ರಿಕ್ಟ್ ಎಂಬ ಪದವು ಸುರಂಗ, ಪರದೆ ಮುಂತಾದ ಎಲ್ಲ ಹೆಚ್ಚುವರಿ ಸೌಲಭ್ಯಗಳನ್ನು ಒಮ್ಮೆಗೇ ನಿಲ್ಲಿಸುತ್ತದೆ. ಇದು 2016ರ 7.2ನೇ ಆವೃತ್ತಿಯಿಂದ ಲಭ್ಯವಿದೆ. ಫ್ರಮ್ ಎಂಬ ಪದದಿಂದ ಯಾವ ಜಾಲ ವಿಳಾಸದಿಂದ ಮಾತ್ರ ಈ ಕೀಲಿ ಮಾನ್ಯವೆಂದು ಗೊತ್ತುಪಡಿಸಬಹುದು. ಕಮಾಂಡ್ ಎಂಬ ಪದದಿಂದ ಈ ಕೀಲಿಗೆ ನಡೆಯಬೇಕಾದ ಒಂದೇ ಒಂದು ಆಜ್ಞೆಯನ್ನು ನಿಗದಿಪಡಿಸಬಹುದು. ಆರ್‌ಸಿಂಕ್ ತಂತ್ರಾಂಶದೊಂದಿಗೆ ಬರುವ ಆರ್‌ಆರ್‌ಸಿಂಕ್ ಎಂಬ ಸಹಾಯಕವನ್ನು ಓದುವಿಕೆಗೆ ಮಾತ್ರ ಎಂಬ ಆಯ್ಕೆಯೊಂದಿಗೆ ಇಲ್ಲಿ ನಮೂದಿಸಿದರೆ, ಆ ಗಣಕವು ಸಂಗ್ರಹ ಫೋಲ್ಡರನ್ನು ಓದಬಲ್ಲದು. ಅದರಲ್ಲಿ ಏನನ್ನೂ ಬರೆಯಲಾರದು, ಅಳಿಸಲಾರದು.

ಇಲ್ಲಿ ಎರಡು ಎಚ್ಚರಿಕೆಗಳಿವೆ. ನಿಗದಿಪಡಿಸಿದ ಆಜ್ಞೆಯು ಖಾತೆಯ ಶೆಲ್ ಮೂಲಕವೇ ನಡೆಯುವುದರಿಂದ ಈ ಖಾತೆಗೆ ನೋಲಾಗಿನ್ ನೀಡಿದರೆ ನಕಲು ನಿಂತುಹೋಗುತ್ತದೆ. ಎರಡನೆಯದಾಗಿ, ಕೀಲಿಗಳ ಕಡತ ಮತ್ತು ಅದಿರುವ ಫೋಲ್ಡರ್ ರೂಟ್ ಒಡೆತನದಲ್ಲಿರಬೇಕು. ಮಿತಿಯ ಸಾಲನ್ನು ಮಿತಿಗೊಳಗಾದವರೇ ತಿದ್ದುವಂತಿದ್ದರೆ ಆ ಮಿತಿಗೆ ಅರ್ಥವಿಲ್ಲ.

ಇ) ತಾಂತ್ರಿಕ ಸಹಾಯಕ

ಇವರ ಕೆಲಸಕ್ಕೆ ಶೆಲ್ ಅವಶ್ಯ. ಅದನ್ನು ಸಂಕೋಚವಿಲ್ಲದೆ ನೀಡತಕ್ಕದ್ದು. ಮಿತಿ ಬೇಕಾದುದು ರೂಟ್ ಅಧಿಕಾರಕ್ಕೆ. ರೂಟ್‌ನ ಗುಪ್ತಪದವನ್ನು ಹಂಚಿಕೊಳ್ಳದೆ, ಸುಡೋ ವ್ಯವಸ್ಥೆಯಲ್ಲಿ ಆವಶ್ಯಕ ಆಜ್ಞೆಯನ್ನು ಅದರ ಪೂರ್ಣ ಪಥ ಹಾಗೂ ಆಯ್ಕೆಗಳ ಸಹಿತ ನಮೂದಿಸಬೇಕು. ಉದಾಹರಣೆಗೆ, ನಿರ್ದಿಷ್ಟ ಸೇವೆಯೊಂದನ್ನು ಮರುಚಾಲನೆಗೊಳಿಸುವ ಸಿಸ್ಟಮ್‌ಸಿಟಿಎಲ್ ಆಜ್ಞೆ ಮಾತ್ರ. ಈ ಪಟ್ಟಿಯನ್ನು ವಿಸುಡೋ ಮೂಲಕವೇ ತಿದ್ದತಕ್ಕದ್ದು. ಅದು ಬರವಣಿಗೆಯ ದೋಷವನ್ನು ಉಳಿಸುವ ಮೊದಲೇ ತೋರಿಸುತ್ತದೆ.

ಸುಡೋ ಪಟ್ಟಿಯಲ್ಲಿ ಸಂಪಾದಕ ತಂತ್ರಾಂಶಗಳನ್ನು ಸೇರಿಸಬಾರದು. ರೂಟ್ ಅಧಿಕಾರದಲ್ಲಿ ತೆರೆದ ವಿಐ ಒಳಗಿನಿಂದ ತೆರೆಯುವ ಶೆಲ್ ಕೂಡ ರೂಟ್ ಶೆಲ್ಲೇ ಆಗಿರುತ್ತದೆ. ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಆಜ್ಞೆಯೂ ಪುಟ ತೋರಿಸಲು ಲೆಸ್ಸನ್ನು ಬಳಸುವುದರಿಂದ ಹಳೆಯ ಆವೃತ್ತಿಗಳಲ್ಲಿ ಇದೇ ಅಪಾಯವಿದೆ. ಲಾಗ್ ಓದಲು ಸುಡೋ ನೀಡುವ ಬದಲು ಸಹಾಯಕರನ್ನು ಸಿಸ್ಟಮ್‌ಡಿ-ಜರ್ನಲ್ ಗುಂಪಿಗೆ ಸೇರಿಸಿದರೆ ಕೆಲಸವೂ ಆಗುತ್ತದೆ, ಅಪಾಯವೂ ತಪ್ಪುತ್ತದೆ.

7. ಬದಲಾವಣೆ ಜಾರಿಗೊಳಿಸುವಾಗ

ಬೀಗ ಹಾಕುವವರು ತಾವೇ ಹೊರಗುಳಿಯುವ ಪ್ರಸಂಗ ಅಪರೂಪವಲ್ಲ. ಅದನ್ನು ತಪ್ಪಿಸಲು ಈ ಕ್ರಮವನ್ನು ಅನುಸರಿಸತಕ್ಕದ್ದು.

1) ತಿದ್ದುವ ಮೊದಲು ಸಂರಚನಾ ಕಡತದ ನಕಲನ್ನು ತೆಗೆದಿರಿಸುವುದು.
2) ಎಸ್‌ಎಸ್‌ಎಚ್‌ಡಿಯನ್ನು ಸಣ್ಣ ಟಿ ಆಯ್ಕೆಯೊಂದಿಗೆ ನಡೆಸಿ ಬರವಣಿಗೆಯ ದೋಷಗಳನ್ನು ಪರೀಕ್ಷಿಸುವುದು. ದೊಡ್ಡ ಟಿ ಆಯ್ಕೆಯು ನಿರ್ದಿಷ್ಟ ಬಳಕೆದಾರನಿಗೆ ಕೊನೆಗೆ ಯಾವ ಸೂಚನೆಗಳು ಅನ್ವಯಿಸುತ್ತವೆಯೆಂದು ತೋರಿಸುತ್ತದೆ.
3) ಈಗಾಗಲೇ ತೆರೆದಿರುವ ಸಂಪರ್ಕವನ್ನು ಮುಚ್ಚದೆ, ಹೊಸ ಕಿಟಕಿಯಿಂದ ಪ್ರವೇಶಿಸಿ ನೋಡುವುದು. ಹೊಸ ಸಂಪರ್ಕ ಸರಿಯಾಗಿದ್ದರೆ ಮಾತ್ರ ಹಳೆಯದನ್ನು ಮುಚ್ಚುವುದು.
4) ಆಗಬೇಕಾದ ಕೆಲಸ ಆಗುತ್ತದೆಯೇ ಎಂಬುದರ ಜೊತೆಗೆ, ಆಗಬಾರದ ಕೆಲಸ ಆಗುವುದಿಲ್ಲವೇ ಎಂಬುದನ್ನೂ ಪರೀಕ್ಷಿಸುವುದು. ಆಪರೇಟರ್ ಖಾತೆಯಿಂದ ಶೆಲ್ ಕೇಳಿ, ಸುರಂಗ ತೆರೆಯಲು ಪ್ರಯತ್ನಿಸಿ, ಎರಡೂ ವಿಫಲವಾದುದನ್ನು ದಾಖಲಿಸುವುದು.

8. ಲಾಗ್ ಮತ್ತು ಕಾನೂನು

ಮಿತಿಯಷ್ಟೇ ಮುಖ್ಯವಾದುದು ದಾಖಲೆ. ಭಾರತೀಯ ಗಣಕ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 28-04-2022ರಂದು ಹೊರಡಿಸಿದ ನಿರ್ದೇಶನಗಳು ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಅವುಗಳಂತೆ ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನಗಳ ಕಾಲ ಉಳಿಸಿಕೊಳ್ಳಬೇಕು. ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಗಣಕಗಳ ಗಡಿಯಾರವನ್ನು ನಿಗದಿತ ಸಮಯ ಸರ್ವರ್‌ಗಳೊಂದಿಗೆ ಹೊಂದಿಸಿಕೊಂಡಿರಬೇಕು. ಗಡಿಯಾರ ತಪ್ಪಿದ ಸರ್ವರ್‌ನ ಲಾಗ್, ದಿನಾಂಕವಿಲ್ಲದ ನಡವಳಿಯಂತೆ, ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ. ಅನುಮತಿಯಿಲ್ಲದೆ ಗಣಕವನ್ನು ಪ್ರವೇಶಿಸುವುದು, ಅದರಲ್ಲಿನ ಮಾಹಿತಿಯನ್ನು ಅಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43 ಮತ್ತು 66ನೇ ಪ್ರಕರಣಗಳ ವ್ಯಾಪ್ತಿಗೆ ಬರುತ್ತವೆ. ಯಾರಿಗೆ ಎಷ್ಟು ಅನುಮತಿ ಇತ್ತೆಂಬುದನ್ನು ಕಚೇರಿಯೇ ಬರೆದಿಟ್ಟಿರದಿದ್ದರೆ ಅನುಮತಿ ಮೀರಿದರೆಂದು ಹೇಳುವುದೂ ಕಷ್ಟವಾಗುತ್ತದೆ.

9. ಸೇವೆ ಮುಗಿದ ದಿನ

ಗುತ್ತಿಗೆ ಮುಗಿದ ಅಥವಾ ವರ್ಗಾವಣೆಯಾದ ದಿನ ಬೀರುವಿನ ಬೀಗದ ಕೈ, ವಹಿ, ಮೊಹರುಗಳನ್ನು ಪ್ರಭಾರ ಪಟ್ಟಿಯಂತೆ ಹಸ್ತಾಂತರಿಸುವ ಪದ್ಧತಿ ಇದೆ. ಆ ಪಟ್ಟಿಗೆ ಸರ್ವರ್ ಖಾತೆಯನ್ನೂ ಸೇರಿಸತಕ್ಕದ್ದು. ಅಂದೇ ಖಾತೆಯ ಅವಧಿಯನ್ನು ಮುಗಿಸುವುದು, ಕೀಲಿಯನ್ನು ತೆಗೆಯುವುದು, ಆ ಹೆಸರಿನಲ್ಲಿ ಇನ್ನೂ ನಡೆಯುತ್ತಿರುವ ಪ್ರಕ್ರಿಯೆಗಳನ್ನು ನಿಲ್ಲಿಸುವುದು, ಕ್ರಾನ್‌ನಲ್ಲಿ ನಿಗದಿಯಾಗಿರುವ ಕೆಲಸಗಳನ್ನು ಪರಿಶೀಲಿಸುವುದು, ಈ ನಾಲ್ಕೂ ಆಗಬೇಕು. ಖಾತೆಯನ್ನು ಒಡನೆಯೇ ಅಳಿಸದೆ ನಿಷ್ಕ್ರಿಯಗೊಳಿಸಿ ಇರಿಸಿದರೆ ಹಳೆಯ ಕಡತಗಳ ಒಡೆತನ ಯಾರದೆಂಬುದು ತಿಳಿಯುತ್ತದೆ. ಹೋದವರ ಹೆಸರಿನಲ್ಲಿ ಮುಂದೆ ಯಾರೂ ಪ್ರವೇಶಿಸಲಾರರೆಂಬ ನಿಶ್ಚಿಂತೆ ಹೋದವರಿಗೂ ಸಲ್ಲಬೇಕಾದುದೇ.

10. ಉಪಸಂಹಾರ

ಶೆಲ್ ಪ್ರವೇಶದ ಮಿತಿಯನ್ನು ಸಿಬ್ಬಂದಿಯ ಮೇಲಿನ ಅವಿಶ್ವಾಸವೆಂದು ತಿಳಿಯುವುದು ಸರಿಯಲ್ಲ. ಖಾತೆ ನೀಡುವಾಗಲೇ ಮಿತಿಯ ಕಾರಣವನ್ನು ಸಂಬಂಧಪಟ್ಟವರಿಗೆ ವಿವರಿಸಿದರೆ ಹೆಚ್ಚಿನವರು ಅದನ್ನು ಸ್ವಾಗತಿಸುತ್ತಾರೆ. ಒಂದೇ ಬೀಗವನ್ನು ನಂಬದೆ ಖಾತೆ, ಶೆಲ್, ಫೋಲ್ಡರ್, ಸುರಂಗ, ಲಾಗ್ ಎಂಬ ಒಂದೊಂದು ಪದರದಲ್ಲಿಯೂ ಕೆಲಸಕ್ಕೆ ತಕ್ಕ ಮಿತಿಯನ್ನು ಹಾಕಿದಾಗ ವಹಿಯಲ್ಲಿ ಹೆಸರಿರುವ ಗ್ರಾಮಸ್ಥರೂ ವಹಿಯನ್ನು ಕಾಯುವ ನೌಕರರೂ ಸುರಕ್ಷಿತರಾಗಿರುತ್ತಾರೆ.

ಅಭ್ಯಾಸ

1) ಕಚೇರಿಯ ಸರ್ವರ್‌ನಲ್ಲಿ ಪೂರ್ಣ ಶೆಲ್ ಹೊಂದಿರುವ ಖಾತೆಗಳ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ಅದರ ಕೆಲಸವನ್ನು ಬರೆಯಿರಿ.
2) ಗುಪ್ತಪದವನ್ನು ತಡೆಹಿಡಿದರೂ ಬಳಕೆದಾರನು ಪ್ರವೇಶಿಸಲು ಸಾಧ್ಯವಿರುವ ದಾರಿ ಯಾವುದು? ಅದನ್ನು ಮುಚ್ಚುವ ಬಗೆ ಹೇಗೆ?
3) ಸಿಎಚ್‌ರೂಟ್ ಫೋಲ್ಡರಿನ ಒಡೆತನ ಯಾರದಿರಬೇಕು? ಆಪರೇಟರ್ ಎಲ್ಲಿ ಬರೆಯಬಲ್ಲರು?
4) ನಕಲು ಪಡೆಯುವ ಗಣಕದ ಖಾತೆಗೆ ನೋಲಾಗಿನ್ ಏಕೆ ಹೊಂದುವುದಿಲ್ಲ?
5) ಪ್ರಭಾರ ಹಸ್ತಾಂತರ ಪಟ್ಟಿಗೆ ಸೇರಿಸಬೇಕಾದ ಸರ್ವರ್ ಸಂಬಂಧಿತ ಅಂಶಗಳನ್ನು ಬರೆದು ಮುಂದಿನ ಸಿಬ್ಬಂದಿ ಸಭೆಯಲ್ಲಿ ಮಂಡಿಸಿರಿ.